ರಾಕೆಟ್ಟಿನ ರೆಕ್ಕೆಗೆ ಬಲ ಎಲ್ಲಿಂದ?



ಧಾರವಾಡದ ಲಕಮನಹಳ್ಳಿಯ ಬಯಲೊಂದರಲ್ಲಿ ಮಾದರಿ ರಾಕೆಟ್ಟಿನ ಚಿತ್ರೀಕರಣಕ್ಕೆ ನಿಂತಿದ್ದೆವು. ಮೇಲೇರಿದ ಕ್ಷಣಾರ್ಧದಲ್ಲೇ ಒಂದು ರೆಕ್ಕೆ ಮುರಿದು, ರಾಕೆಟ್ ಕ್ಯಾಮೆರಾದ ಕಡೆಗೇ ತಿರುಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆ ರೆಕ್ಕೆಯನ್ನು ಕತ್ತರಿಸಿದವನು ನಾನೇ.

ರೆಕ್ಕೆಯ ಕೆಲಸವೇನು? ಬಾಣದ ಗರಿಯಂತೆ ಅದು ರಾಕೆಟ್ಟಿನ ದಿಕ್ಕನ್ನು ಕಾಯುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಕಬ್ಬಿಣದ ಕೊಳವೆಗೆ ಕಟ್ಟಿದ ಉದ್ದನೆಯ ಬಿದಿರುಗಳ ಈ ಕೆಲಸ ಮಾಡುತ್ತಿತ್ತು. ಅಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ದೊರೆತವು.

ಇಂದಿನ ಮಾದರಿಗಳಿಗೆ ಬಾಲ್ಸಾ ಮರದ ರೆಕ್ಕೆಗಳೇ ಸಾಕು. ಬಾಲದ ಭಾಗ ಭಾರವಾದರೆ ರಾಕೆಟ್ ತೂಗಾಡುತ್ತದೆ. ಆದ್ದರಿಂದ ಹಗುರ ಮರ ಬೇಕು. ತೇಗದ ಒಂದು ಘನ ಮೀಟರ್ ಸುಮಾರು 650 ಕಿಲೋ ತೂಗಿದರೆ, ಬಾಲ್ಸಾ ಸುಮಾರು 160 ಕಿಲೋ ಮಾತ್ರ.

ಆದರೆ ಮರವೆಂದರೆ ಒತ್ತಾಗಿ ಕಟ್ಟಿದ ಹುಲ್ಲುಕಡ್ಡಿಗಳ ಕಂತೆಯಿದ್ದಂತೆ. ಕಡ್ಡಿಯನ್ನು ಮುರಿಯುವುದು ಕಷ್ಟ, ಕಡ್ಡಿಗಳನ್ನು ಬಿಡಿಸುವುದು ಸುಲಭ. ಬಾಲ್ಸಾದ ಎರಡು ಪಟ್ಟಿಗಳನ್ನು, ಒಂದನ್ನು ಎಳೆಯುದ್ದಕ್ಕೆ, ಇನ್ನೊಂದನ್ನು ಎಳೆಗೆ ಅಡ್ಡಲಾಗಿ ಕತ್ತರಿಸಿ ಬಾಗಿಸಿ ನೋಡಿ. ಅಡ್ಡ ಪಟ್ಟಿ ಬೆರಳ ತುದಿಯಲ್ಲೇ ತುಂಡಾಗುತ್ತದೆ. ನನ್ನ ರೆಕ್ಕೆಯ ಎಳೆಗಳು ಕೊಳವೆಗೆ ಸಮಾನಾಂತರವಾಗಿದ್ದವು. ಗಾಳಿ ಅದನ್ನು ಬುಡದಲ್ಲೇ ಸೀಳಿತು. ಎಳೆಗಳು ಕೊಳವೆಯಿಂದ ಹೊರಕ್ಕೆ, ರೆಕ್ಕೆಯ ಮುಂಗಡೆಯ ಅಂಚಿಗೆ ಸಮಾನಾಂತರವಾಗಿ ಸಾಗಬೇಕು.

ಕತ್ತರಿಸಿದ ಮೇಲೆ ಮುಂಗಡೆಯ ಅಂಚನ್ನು ಮರಳುಕಾಗದದಿಂದ ದುಂಡಗೆ ಮಾಡಿ. ಕೊಳವೆಗೆ ಅಂಟುವ ಬುಡ ಮಾತ್ರ ಸಮತಟ್ಟಾಗಿರಲಿ. ಎರಡೂ ಮೈಗೆ ಬಡಗಿಯ ಬಿಳಿ ಅಂಟಿನಿಂದ ತೆಳುಕಾಗದ ಹಚ್ಚಿ, ಭಾರವಾದ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಒತ್ತಿಡಿ. ಒಂದೇ ಮೈಗೆ ಹಚ್ಚಿದರೆ ಹಲಗೆ ಸೊಟ್ಟಗಾಗುತ್ತದೆ. ಜೋಡಿಸುವಾಗ ಬುಡಕ್ಕೂ ಕೊಳವೆಗೂ ತೆಳುವಾಗಿ ಅಂಟು ಸವರಿ ಒಣಗಲು ಬಿಡಿ. ಬಳಿಕ ಇನ್ನೊಮ್ಮೆ ಸವರಿ ಒತ್ತಿ ಹಿಡಿಯಿರಿ. ಒಣಗಿದ ನಂತರ ಸಂದಿಯುದ್ದಕ್ಕೂ ಬೆರಳಿನಿಂದ ಅಂಟಿನ ಸಣ್ಣ ಏಣು ಎಳೆಯಿರಿ. ಕೊಳವೆಯನ್ನು ಹಿಡಿಯುವ ಜಾಗ ಹೆಚ್ಚಿದಷ್ಟೂ ಬೆಸುಗೆ ಗಟ್ಟಿ.

ಒಂದು ಎಚ್ಚರಿಕೆ: ಮದ್ದನ್ನು ನೀವೇ ತುಂಬುವ ಸಾಹಸ ಎಂದಿಗೂ ಬೇಡ. ಕಾರ್ಖಾನೆಯಲ್ಲಿ ತಯಾರಾದ ಮೋಟಾರನ್ನು, ಅನುಭವಿ ಶಿಕ್ಷಕರ ಸಮ್ಮುಖದಲ್ಲಿ, ತೆರೆದ ಬಯಲಿನಲ್ಲಿ, ದೂರ ನಿಂತು ಮಾತ್ರ ಹಾರಿಸಿ.

ಮರುದಿನ ಅದೇ ಹಲಗೆಯಿಂದ, ಅಷ್ಟೇ ದಪ್ಪದ ಹೊಸ ರೆಕ್ಕೆಗಳನ್ನು ಕತ್ತರಿಸಿದೆ. ಎಳೆಯ ದಿಕ್ಕೊಂದನ್ನೇ ಬದಲಿಸಿದ್ದು. ರಾಕೆಟ್ ನೆಟ್ಟಗೆ ಏರಿತು.