ಹರಿದ ಕಾಗದದಲ್ಲಿ ನಾಡಿನ ನೋಟ

ಚಿತ್ರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಣ್ಣ ಮತ್ತು ಕುಂಚ. ಆದರೆ ಬಣ್ಣದ ಕಾಗದವನ್ನು ಬೆರಳುಗಳಿಂದ ಹರಿದು, ಆ ಚೂರುಗಳನ್ನು ಅಂಟಿಸಿ ಚಿತ್ರವನ್ನು ಕಟ್ಟುವ ಮಾರ್ಗವೂ ಒಂದುಂಟು. ಪಶ್ಚಿಮದಲ್ಲಿ 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಇಂಥ ಅಂಟುಚಿತ್ರಕ್ಕೆ ಕಲೆಯ ಪದವಿಯನ್ನು ತಂದುಕೊಟ್ಟರು. ಅದಕ್ಕೆ ಕೊಲಾಜ್ ಎಂಬ ಫ್ರೆಂಚ್ ಹೆಸರು ನಿಂತಿತು. ಜಪಾನಿನವರು ಹರಿದ ಕಾಗದದ ಚಿತ್ರವನ್ನು ಚಿಗಿರಿ-ಎ ಎನ್ನುತ್ತಾರೆ. ಈ ಸಾಧನದಿಂದ ಊರು, ಹೊಳೆ, ಬೆಟ್ಟಗಳನ್ನು ಕಟ್ಟಿ ನಿಲ್ಲಿಸಿದ ಯಾಮಾಶಿತಾ ಕಿಯೋಶಿ ಎಂಬ ಕಲಾವಿದನ ಕೆಲಸದ ಬಗೆಯನ್ನು ಈಗ ಪರಿಶೀಲಿಸೋಣ.

ಈತನು 1922ರಲ್ಲಿ ಟೋಕಿಯೋ ನಗರದಲ್ಲಿ ಹುಟ್ಟಿದನು. ಎಳವೆಯಲ್ಲಿ ಬಂದ ಕಾಯಿಲೆಯ ತರುವಾಯ ಮಾತು ತೊದಲಿತು, ಪಾಠವೂ ಹತ್ತಲಿಲ್ಲ. 1934ರಲ್ಲಿ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ಶಾಲೆಗೆ ಸೇರಿದನು. ಕಾಗದ ಹರಿದು ಅಂಟಿಸುವ ಕೆಲಸವನ್ನು ಕಲಿತುದು ಅಲ್ಲಿಯೇ. 1940ರಲ್ಲಿ, ಸೈನ್ಯಕ್ಕೆ ಕರೆ ಬಂದೀತೆಂಬ ಭಯವೂ ಸೇರಿ, ಆತನು ಹೇಳದೆ ಕೇಳದೆ ಹೊರಟುಹೋದನು. ಅಲ್ಲಿಂದ 1954ರವರೆಗೆ, ನಡುನಡುವೆ ಹಿಂದಿರುಗುತ್ತ, ಊರೂರು ಅಲೆದನು. ಅನ್ನವನ್ನು ಬೇಡಿ ಉಂಡನು. ರೈಲು ನಿಲ್ದಾಣಗಳಲ್ಲಿ ಮಲಗಿದನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದಾರಿಯಲ್ಲಿ ಆತನು ಚಿತ್ರ ಬರೆಯುತ್ತಿದ್ದುದು ಅತಿ ವಿರಳ. ಕಂಡುದನ್ನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದನು. ಹಿಂದಿರುಗಿದ ಮೇಲೆ ಕಾಗದವನ್ನು ಕೈಗೆತ್ತಿಕೊಳ್ಳುತ್ತಿದ್ದನು.

ಕೆಲಸದ ಕ್ರಮವು ಬಹು ನಿಧಾನವಾದುದು. ಕುಂಚ ಹಿಡಿದವನು ಎರಡು ಬಣ್ಣಗಳನ್ನು ಕಲಸಿ ಮೂರನೆಯದನ್ನು ಪಡೆಯುತ್ತಾನೆ. ಕಾಗದದಲ್ಲಿ ಆ ಸೌಕರ್ಯವಿಲ್ಲ. ಒಂದು ಚೂರಿನ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ನೋಡುವವರ ಕಣ್ಣಿನಲ್ಲಿಯೇ ಬಣ್ಣಗಳು ಬೆರೆಯುವಂತೆ ಮಾಡಬೇಕು. ಆದಕಾರಣ ಚೂರುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋದವು. ಗೆರೆ ಬೇಕಾದಲ್ಲಿ, ನಮ್ಮ ಮನೆಗಳಲ್ಲಿ ದೀಪಕ್ಕೆ ಬತ್ತಿ ಹೊಸೆಯುವಂತೆ, ಕಾಗದವನ್ನು ಸಣ್ಣಗೆ ಹೊಸೆದು ಅಂಟಿಸುತ್ತಿದ್ದನು. ಬಳಸಿ ಬಿಸುಟ ಅಂಚೆಚೀಟಿಗಳೂ ಆತನ ಚಿತ್ರಗಳಲ್ಲಿ ಸೇರಿಹೋಗಿವೆ.

ಆತನ ಕೃತಿಗಳಲ್ಲಿ ಹೆಸರಾದುದು 1950ರ ‘ನಾಗಾಓಕಾದ ಬಾಣಬಿರುಸು’. ನಾಗಾಓಕಾ ಎಂಬುದು ಶಿನಾನೋ ನದಿಯ ದಡದ ಪಟ್ಟಣ. 1945ನೆಯ ಆಗಸ್ಟ್ 1ರ ರಾತ್ರಿ ವಿಮಾನಗಳು ಬೆಂಕಿಯ ಬಾಂಬುಗಳನ್ನು ಸುರಿಸಿ ಅದನ್ನು ಸುಟ್ಟವು. 1947ರಲ್ಲಿ ಅಲ್ಲಿ ಬಾಣಬಿರುಸಿನ ಉತ್ಸವವು ಮತ್ತೆ ಮೊದಲಾಯಿತು. ಚಿತ್ರದಲ್ಲಿ ಕತ್ತಲ ಬಾನಿನಲ್ಲಿ ಬೆಳಕಿನ ಹೂಗಳು ಅರಳಿವೆ. ಹೊಸೆದ ಕಾಗದದ ಎಳೆಗಳೇ ಅವುಗಳ ಕಿರಣಗಳು. ಕೆಳಗೆ ಹೊಳೆಯಲ್ಲಿ ಅವುಗಳ ನೆರಳು. ದಡದಲ್ಲಿ ನೆರೆದ ಜನ, ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಕ್ಷಣದಲ್ಲಿ ಆರಿಹೋಗುವ ವಸ್ತುವನ್ನು ಇಷ್ಟು ತಾಳ್ಮೆಯ ಕೈಗೆಲಸ ಹಿಡಿದು ನಿಲ್ಲಿಸಿದೆ.

ಇದು ಕೇವಲ ಸ್ಮರಣಶಕ್ತಿಯ ಪವಾಡವೆಂದು ಹಲವರು ಬಗೆದರು. ಕ್ಯಾಮರಾದಂತೆ ಆತನ ಮನಸ್ಸು ಕಂಡುದನ್ನು ಅಚ್ಚೊತ್ತಿಕೊಂಡಿತು, ಕೈ ಅದನ್ನು ಹೊರಹಾಕಿತು ಎಂಬುದು ಅವರ ವಾದ. ನಾವು ಇದನ್ನು ಒಪ್ಪಲಾರೆವು. ಇದು ಹೊಗಳಿಕೆಯಂತೆ ತೋರಿದರೂ ಕಲಾವಿದನಿಂದ ಕಲೆಯನ್ನೇ ಕಸಿದುಕೊಳ್ಳುತ್ತದೆ. ನೆನಪು ಸಾಮಗ್ರಿಯನ್ನು ಒದಗಿಸೀತು. ಯಾವ ಚೂರು ಎಷ್ಟು ದೊಡ್ಡದಿರಬೇಕು, ಯಾವ ಬಣ್ಣಕ್ಕೆ ಯಾವುದು ನೆರೆಯಾಗಬೇಕು ಎಂಬುದನ್ನು ಅದು ಹೇಳಲಾರದು. ಪ್ರತಿಯೊಂದು ಚೂರೂ ಒಂದು ನಿರ್ಣಯ. ಜನರನ್ನು ಚುಕ್ಕೆಯಾಗಿಸಿ ಬಾನನ್ನು ಹಿಗ್ಗಿಸಿದುದು ಕ್ಯಾಮರಾದ ಕೆಲಸವಲ್ಲ, ವಿವೇಕದ ಕೆಲಸ.

ಯಾಮಾಶಿತಾ 1971ರಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡನು. ಶಾಲೆಯ ಪರೀಕ್ಷೆಗಳು ಅಳೆಯುವ ಬುದ್ಧಿಯೊಂದು. ಕಂಡುದನ್ನು ಬಹುಕಾಲ ಮನಸ್ಸಿನಲ್ಲಿಟ್ಟು, ಆಯ್ದು, ಜೋಡಿಸಿ, ಇತರರಿಗೂ ಕಾಣಿಸುವ ಬುದ್ಧಿ ಇನ್ನೊಂದು. ಮೊದಲನೆಯದರ ಕೊರತೆಯನ್ನು ಕಂಡು ಎರಡನೆಯದನ್ನು ಅಲ್ಲಗಳೆಯಬಾರದೆಂಬುದಕ್ಕೆ ಆತನ ಚಿತ್ರಗಳೇ ಸಾಕ್ಷಿ.