ಹೆಂಗಸರನ್ನು ಕೂಡಿಹಾಕಿದರೆ ರೋಗ ನಿಂತಿತೇ?

ಲೈಂಗಿಕ ರೋಗ ಹರಡುವವರು 'ಅಂಥ' ಹೆಂಗಸರು, ಅವರನ್ನು ಹಿಡಿದು ತಪಾಸಣೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಕಟ್ಟೆಪುರಾಣದ ಈ ಮಾತು ಒಂದು ಕಾಲಕ್ಕೆ ಸರ್ಕಾರದ ಕಾನೂನೇ ಆಗಿತ್ತು.

ಬ್ರಿಟಿಷ್ ಸೈನಿಕರ ಆರೋಗ್ಯ ಕಾಪಾಡಲೆಂದು 1864ರಲ್ಲಿ ದಂಡು ಪ್ರದೇಶಗಳ ಕಾಯ್ದೆ ಬಂತು, 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ. ವೇಶ್ಯೆಯರು ಹೆಸರು ನೋಂದಾಯಿಸಿ ಕಾಲಕಾಲಕ್ಕೆ ದೇಹಪರೀಕ್ಷೆಗೆ ಬರಬೇಕು. ರೋಗ ಕಂಡರೆ 'ಲಾಕ್ ಆಸ್ಪತ್ರೆ'ಯಲ್ಲಿ ಬಂಧನ. ಬೆಂಗಳೂರಿನ ದಂಡಿನಲ್ಲೂ ಅಂಥದೊಂದು ಆಸ್ಪತ್ರೆಯಿತ್ತು. ಆ ಹೆಂಗಸರ ಬಳಿ ಹೋಗಿಬರುವ ಗಂಡಸರ ಹೆಸರು ಮಾತ್ರ ಯಾವ ನೋಂದಣಿಗೂ ಸೇರಲಿಲ್ಲ.

ರೋಗ ಇಳಿಯಿತೇ? ಕಾಯ್ದೆ ಜಾರಿಯಲ್ಲಿದ್ದ 1880ರ ದಶಕದಲ್ಲೇ ಸೈನಿಕರಲ್ಲಿ ಅದು ಏರುತ್ತಿತ್ತು. ಸಿಫಿಲಿಸ್‌ನ ರೋಗಾಣು ಪತ್ತೆಯಾದದ್ದು 1905ರಲ್ಲಿ, ರಕ್ತಪರೀಕ್ಷೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ವೈದ್ಯರು ಕಣ್ಣನ್ನೇ ನೆಚ್ಚಬೇಕಿತ್ತು. ಆದರೆ ಹೆಂಗಸರಲ್ಲಿ ಗೊನೊರಿಯಾ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರುವುದಿಲ್ಲ. ಸಿಫಿಲಿಸ್‌ಗೆ ಔಷಧವೆಂದರೆ ಮುಖ್ಯವಾಗಿ ಪಾದರಸ. ಹೆದರಿದ ಹೆಂಗಸರು ತಲೆಮರೆಸಿಕೊಳ್ಳುತ್ತಿದ್ದರು, ಇನ್ನೇನು ಮಾಡಿಯಾರು? ಬ್ರಿಟನ್ನಿನ ಸಮಾಜ ಸುಧಾರಕಿ ಜೋಸೆಫಿನ್ ಬಟ್ಲರ್ ಮುಂತಾದವರ ಹೋರಾಟದಿಂದ ಅಲ್ಲಿನ ಇಂಥದೇ ಕಾಯ್ದೆ 1886ರಲ್ಲಿ, ಇಲ್ಲಿಯದು 1888ರಲ್ಲಿ ರದ್ದಾಯಿತು. ಆಮೇಲೂ ಅಂಕಿಗಳು ಏರಿದವು, ನಿಜ. ಅದನ್ನೇ ಹಿಡಿದು ರದ್ದತಿಯನ್ನು ದೂರಿದ ಸೇನಾಧಿಕಾರಿಗಳು, ಏರಿಕೆ ಮೊದಲೇ ಶುರುವಾಗಿದ್ದನ್ನು ಜಾಣತನದಿಂದ ಮರೆತರು.

ಲೈಂಗಿಕ ರೋಗದ ಬಗ್ಗೆ ಇನ್ನೊಂದು ತಪ್ಪು ನಂಬಿಕೆ, ಅಮೆರಿಕದ ಟಸ್ಕೆಗೀಯಲ್ಲಿ ಕಪ್ಪು ಜನರಿಗೆ ಸರ್ಕಾರವೇ ಸಿಫಿಲಿಸ್ ಚುಚ್ಚಿತು ಎಂಬುದು. ಅಲ್ಲಿನ 399 ಗಂಡಸರಿಗೆ ರೋಗ ಮೊದಲೇ ಇತ್ತು. ಅವರಿಗೆ ನಿಜ ಹೇಳದೆ, 1940ರ ದಶಕದಲ್ಲಿ ಪೆನಿಸಿಲಿನ್ ಕೈಗೆ ಬಂದ ಮೇಲೂ ಕೊಡದೆ, 1932ರಿಂದ 1972ರವರೆಗೆ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯವರು ಸುಮ್ಮನೆ ನೋಡುತ್ತ ಕೂತರು. ಬೇಕೆಂದೇ ಸೋಂಕು ತಗುಲಿಸಿದ್ದು ಗ್ವಾಟೆಮಾಲಾದಲ್ಲಿ, 1946ರಿಂದ 1948ರ ನಡುವೆ. ಮಾಡಿಸಿದ್ದು ಅಮೆರಿಕದ ಅದೇ ಆರೋಗ್ಯ ಸೇವೆ. ಎರಡು ಪಾತಕಗಳು ಜನರ ಬಾಯಲ್ಲಿ ಒಂದಾಗಿವೆ.

ಮತ್ತೆ ಮೊದಲ ಮಾತಿಗೆ ಬರೋಣ. ಬಲವಂತವಿಲ್ಲದೆ ರೋಗ ಇಳಿಯುವುದುಂಟೇ? ಮೈಸೂರನ್ನೇ ನೋಡಿ. 2004ರಲ್ಲಿ ಅಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮ ಓರಗೆಯವರನ್ನು ಕ್ಲಿನಿಕ್‌ಗೆ ಕರೆತಂದರು, ಕಾಂಡೋಮ್ ಹಂಚಿದರು, ಪೊಲೀಸರ ಮತ್ತು ರೌಡಿಗಳ ಕಾಟವನ್ನು ಒಟ್ಟಾಗಿ ಎದುರಿಸಿದರು. ಅವರದೇ ಸಂಘಟನೆ ಆಶೋದಯ ಸಮಿತಿ ಹುಟ್ಟಿದ್ದು ಹೀಗೆ. ಸುಮಾರು ಎರಡೂವರೆ ವರ್ಷದಲ್ಲಿ ಅವರಲ್ಲಿ ಸಿಫಿಲಿಸ್ ಪ್ರಮಾಣ ಶೇ. 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಇರುವವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಅದು ಒಮ್ಮೆ ತಗುಲಿದರೆ ಪೆನಿಸಿಲಿನ್ನಿಗೆ ಹೋಗುವ ರೋಗವಲ್ಲವಲ್ಲ.

ಈಗ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ರೋಗಗಳಿಗೆ ಔಷಧ ಉಚಿತ. ಅಲ್ಲಿ ರೋಗಿಯ ಸಂಗಾತಿಯನ್ನೂ ಚಿಕಿತ್ಸೆಗೆ ಕರೆಯುತ್ತಾರೆ. ಒಬ್ಬರೇ ಔಷಧ ತಗೊಂಡರೆ ಸೋಂಕು ಇನ್ನೊಬ್ಬರಿಂದ ಮತ್ತೆ ಬರಬಹುದು.