ಹೊರಾಂಗಣದ ಮರದ ಡೆಕ್: ಹೊಳಪಿಗಿಂತ ಹೀರಿಕೆ ಮುಖ್ಯ

ಬೆಂಗಳೂರಿನ ತಾರಸಿ ಉದ್ಯಾನಗಳಿಂದ ಹಿಡಿದು ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳವರೆಗೆ, ಮರದ ಹಲಗೆ ಹಾಸಿದ ಡೆಕ್‌ಗಳು ಇಂದು ಸಾಮಾನ್ಯ ನೋಟವಾಗಿವೆ. ಹೊಸದರಲ್ಲಿ ಹೊಂಬಣ್ಣದಿಂದ ಕಂಗೊಳಿಸುವ ಈ ಹಲಗೆಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗಿ, ಸೀಳು ಬಿಟ್ಟು, ಅಲ್ಲಲ್ಲಿ ಪಾಚಿ ಹಿಡಿಯುವುದುಂಟು. ಮರವೇ ಕಳಪೆಯೆಂದು ಮಾಲೀಕರು ದೂರುವುದು ವಾಡಿಕೆ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಮರಕ್ಕೆ ಬಳಿದ ಲೇಪನದ ಆಯ್ಕೆಯಲ್ಲಿ ಹಾಗೂ ಅದನ್ನು ಬಳಿದ ವಿಧಾನದಲ್ಲಿ.

ಬಿಸಿಲು, ಮಳೆಯ ಜೋಡಿ ದಾಳಿ

ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಲಿಗ್ನಿನ್. ಸೂರ್ಯನ ನೇರಳಾತೀತ ಕಿರಣಗಳು ಮೇಲ್ಪದರದಲ್ಲಿರುವ ಈ ಲಿಗ್ನಿನ್ ಅನ್ನು ಒಡೆಯುತ್ತವೆ. ಮಳೆನೀರು ಅದನ್ನು ತೊಳೆದೊಯ್ಯುತ್ತದೆ. ಉಳಿಯುವುದು ಬೂದು ಬಣ್ಣದ ಸಡಿಲ ನಾರು. ಜೊತೆಗೆ, ನೀರು ಹೀರಿದಾಗ ಹಲಗೆ ಅಡ್ಡಲಾಗಿ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತ ಪದೇ ಪದೇ ನಡೆದಾಗ ಬಿರುಕುಗಳು ಮೂಡುತ್ತವೆ. ಬಿರುಕಿನಲ್ಲಿ ನಿಂತ ನೀರು ಶಿಲೀಂಧ್ರಕ್ಕೆ ಆಶ್ರಯವಾಗುತ್ತದೆ. ಮರದ ತೇವಾಂಶವನ್ನು ಶೇ 20ಕ್ಕಿಂತ ಕಡಿಮೆ ಇರಿಸಿದರೆ ಕೊಳೆತ ತಡೆಯಬಹುದೆಂಬುದು ಮರವಿಜ್ಞಾನದಲ್ಲಿ ರೂಢಿಯಲ್ಲಿರುವ ಸೂತ್ರ.

ವಾರ್ನಿಷ್ ಏಕೆ ಸೋಲುತ್ತದೆ?

ಮನೆಯೊಳಗಿನ ಬಾಗಿಲು, ಪೀಠೋಪಕರಣಗಳಿಗೆ ಒಪ್ಪುವ ಪಾಲಿಶ್ ಅಥವಾ ವಾರ್ನಿಷ್ ಮರದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಪಾರದರ್ಶಕ ಪೊರೆಯ ಮೂಲಕ ಬಿಸಿಲು ಒಳನುಗ್ಗಿ ಕೆಳಗಿನ ಮರವನ್ನೇ ಸಡಿಲಗೊಳಿಸುತ್ತದೆ. ಬಿಸಿಲು, ಮಳೆ ಮತ್ತು ಓಡಾಟಗಳಿಂದ ಪೊರೆ ಒಡೆದ ಕೂಡಲೇ ನೀರು ಅದರಡಿ ಸೇರಿ, ಬೇಗ ಒಣಗಲಾರದೆ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಮರುಲೇಪನಕ್ಕೆ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

ಹೀರಿಕೊಳ್ಳುವ ಸ್ಟೈನ್‌ನ ರೀತಿ ಬೇರೆ. ಎಣ್ಣೆ ಹಾಗೂ ನೀರು ತಡೆಯುವ ಅಂಶಗಳು ನಾರಿನೊಳಗೆ ಇಳಿಯುತ್ತವೆ. ಅದರಲ್ಲಿರುವ ಬಣ್ಣದ ಕಣಗಳು ಬಿಸಿಲನ್ನು ತಡೆಯುತ್ತವೆ. ಆದ್ದರಿಂದಲೇ ಬಣ್ಣವಿಲ್ಲದ ಲೇಪನಕ್ಕಿಂತ ಅರೆಪಾರದರ್ಶಕ ಸ್ಟೈನ್ ಹೆಚ್ಚು ಕಾಲ ಬಾಳುತ್ತದೆ. ಇದು ಸಿಪ್ಪೆ ಏಳುವುದಿಲ್ಲ, ಕ್ರಮೇಣ ಸವೆಯುತ್ತದೆ. ಮೇಲ್ಮೈ ತೊಳೆದು ಮತ್ತೊಮ್ಮೆ ಬಳಿದರೆ ಸಾಕು. ಕರಾವಳಿಯ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ ಪದ್ಧತಿಯ ಹಿಂದಿರುವುದೂ ಇದೇ ತತ್ವ.

ವೃತ್ತಿಪರರ ಕ್ರಮ

ಕೆಲಸದ ಬಹುಪಾಲು ಬಳಿಯುವ ಮುನ್ನವೇ ಮುಗಿದಿರಬೇಕು. ಪಾಚಿ, ಬೂಷ್ಟುಗಳನ್ನು ಸೂಕ್ತ ದ್ರಾವಣದಿಂದ ತೊಳೆಯಬೇಕು. ಅತಿಯಾದ ಒತ್ತಡದ ನೀರು ಬಿಟ್ಟರೆ ನಾರು ಕಿತ್ತುಬರುತ್ತದೆ. ಕಬ್ಬಿಣದ ಮೊಳೆಗಳ ಸುತ್ತ ಮೂಡುವ ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲದ ದ್ರಾವಣ ಬಳಸುವುದುಂಟು. ಬಳಿಕ 60ರಿಂದ 80ನೇ ನಂಬರಿನ ಮರಳುಕಾಗದದಿಂದ ಬೂದು ಪದರವನ್ನು ಉಜ್ಜಲಾಗುತ್ತದೆ. ಅತಿ ನುಣುಪಾಗಿಸಿದರೆ ಮರ ಸ್ಟೈನ್ ಹೀರುವುದಿಲ್ಲ.

ಹಲಗೆ ಚೆನ್ನಾಗಿ ಒಣಗಿರುವುದನ್ನು ತೇವಾಂಶ ಮಾಪಕದಿಂದ ಖಚಿತಪಡಿಸಿಕೊಳ್ಳಬೇಕು. ರಾಜ್ಯದ ಹವಾಮಾನದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣದಿನಗಳು ಇದಕ್ಕೆ ಪ್ರಶಸ್ತ. ಸುಡು ಬಿಸಿಲಿನಲ್ಲಿ ಬಳಿದರೆ ಸ್ಟೈನ್ ಒಳಗಿಳಿಯುವ ಮುನ್ನವೇ ಒಣಗುತ್ತದೆ. ಹಲಗೆಯ ಕೊಯ್ದ ತುದಿಗಳು ಅತಿ ಹೆಚ್ಚು ನೀರು ಹೀರುವುದರಿಂದ ಅವುಗಳಿಗೆ ಧಾರಾಳವಾಗಿ ಬಳಿಯಬೇಕು. ಮರ ಹೀರದೆ ಉಳಿದ ಸ್ಟೈನ್ ಅನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಅಗಸೆ ಎಣ್ಣೆಯಂಥ ಎಣ್ಣೆ ತಾಗಿದ ಈ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಬಿಡಿಸಿ ಒಣಗಿಸಬೇಕು.

ಬಣ್ಣ ಮುಚ್ಚಿಡುವ ಅಪಾಯ

ಸ್ಟೈನ್ ಕಾಯುವುದು ಮೇಲ್ಮೈಯನ್ನು ಮಾತ್ರ. ಒಳಗಿನ ಕೊಳೆತವನ್ನು ತಡೆಯಲು ತೇಗದ ಚೇಗಿನಂಥ ಗಟ್ಟಿ ತಿರುಳಾಗಲೀ ಒತ್ತಡದಲ್ಲಿ ರಾಸಾಯನಿಕ ಸಂಸ್ಕರಣೆ ಪಡೆದ ಮರವಾಗಲೀ ಬೇಕು. ಈ ಸಂಸ್ಕರಣೆಯ ಚರಿತ್ರೆಯಲ್ಲಿ ಭಾರತೀಯರ ಪಾಲು ದೊಡ್ಡದು. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಪ್ರಸಿದ್ಧ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಆರ್ಸೆನಿಕ್‌ನ ಆತಂಕದಿಂದಾಗಿ 2003ರ ಅಂತ್ಯಕ್ಕೆ ಅಮೆರಿಕದ ತಯಾರಕರು ಮನೆಗಳ ಡೆಕ್‌ಗೆಂದು ಈ ಮಿಶ್ರಣ ಬಳಸುವುದನ್ನು ಕೈಬಿಟ್ಟರು. ಹೀಗೆ ಸಂಸ್ಕರಿಸಿದ ಹಳೆಯ ಹಲಗೆಗಳನ್ನು ಉಜ್ಜುವುದು, ಒಲೆಗೆ ಹಾಕುವುದು ಅಪಾಯಕಾರಿ.

ಒಳಗಿನ ಕೊಳೆತ ಕಣ್ತಪ್ಪಿದರೆ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ದುರಂತ ನಿದರ್ಶನ. 2015ರ ಜೂನ್ 16ರಂದು ಅಲ್ಲಿನ ಅಪಾರ್ಟ್‌ಮೆಂಟೊಂದರ ಬಾಲ್ಕನಿ ಕುಸಿದು 6 ಮಂದಿ ಯುವಜನರು ಮೃತಪಟ್ಟರು. ನೀರಿಳಿದು ಆಧಾರದ ಮರದ ತೊಲೆಗಳು ಕೊಳೆತಿದ್ದವು. 2018ರಲ್ಲಿ ಆ ರಾಜ್ಯ ಬಹುಮನೆ ಕಟ್ಟಡಗಳ ಇಂಥ ಭಾಗಗಳ ನಿಯತ ತಪಾಸಣೆಯನ್ನು ಕಡ್ಡಾಯಗೊಳಿಸಿತು.

ಗುತ್ತಿಗೆಗೆ ಮುನ್ನ

ಬಳಸುವ ಸ್ಟೈನ್ ಹೀರಿಕೊಳ್ಳುವಂಥದ್ದೇ, ತೇವಾಂಶ ಅಳೆಯಲಾಗುವುದೇ, ಕೆಳಗಿನ ತೊಲೆ ಹಾಗೂ ಕಟಾಂಜನದ ಬುಡಗಳ ಪರೀಕ್ಷೆ ನಡೆಯುವುದೇ ಎಂಬುದನ್ನು ಗುತ್ತಿಗೆದಾರರಿಂದ ಬರಹದಲ್ಲಿ ಪಡೆಯುವುದು ಒಳಿತು. ಸ್ಕ್ರೂಡ್ರೈವರ್‌ನ ಮೊನೆ ತೊಲೆಯೊಳಗೆ ಸುಲಭವಾಗಿ ಇಳಿದರೆ ಬಣ್ಣದ ಮಾತು ಬಿಟ್ಟು ದುರಸ್ತಿಗೆ ತೊಡಗಬೇಕು. ತೊಲೆ ಗಟ್ಟಿಯಿದ್ದರೆ ವರ್ಷಕ್ಕೊಮ್ಮೆ ಹಲಗೆಯ ಮೇಲೆ ನೀರು ಚಿಮುಕಿಸಿ ನೋಡಬಹುದು. ಹನಿಗಳು ಮಣಿಯಂತೆ ನಿಂತರೆ ಲೇಪನಕ್ಕೆ ಇನ್ನೂ ಆಯಸ್ಸಿದೆ. ಮರ ನೀರು ಕುಡಿದರೆ ಮರುಲೇಪನದ ಕಾಲ ಬಂದಿದೆ. ನೆಲಕ್ಕೆ ಹಾಸಿದ ಹಲಗೆಯಲ್ಲಿ ಈ ಅವಧಿ ಸಾಮಾನ್ಯವಾಗಿ 1ರಿಂದ 3 ವರ್ಷ.